ಕುಂಟರ ಮೂಲೆ

ನನ್ನ ತಮ್ಮ ಡೆನ್ಜಿಲ್‌ಗೆ ಬುದ್ಧಿ ಇರುವುದು ಕಾಲಿನಲ್ಲಿ ಎಂದು ನಮ್ಮಮ್ಮ ಸಾಯುವ ತನಕ ಹೇಳುತ್ತಿದ್ದಳು. ಅವಳು ಹೋಗಿ ಎಷ್ಟೋ ವರ್ಷದ ಮೇಲೆ, ಆ ಆಗಸ್ಟ್ ತಿಂಗಳಲ್ಲಿ, ಆ ಕಾಲೂ ಕೆಟ್ಟು ಕೂತಿತು. ಆಮೇಲೆ ಅವನ ಹತ್ತಿರ ಬುದ್ಧಿ ಅಂತ ಏನು ಉಳಿದಿತ್ತು ಎನ್ನುವುದನ್ನು ಡಂಬೂರಾದ ಜನರೆಲ್ಲ ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು, ಮಾಂಸದ ಪೈ ತಿನ್ನುತ್ತ, ಕಣ್ಣಾರೆ ನೋಡಿದರು.

ನಾನು ವಿಲ್ಮಾ. ಡಂಬೂರಾ ಫುಟ್‌ಬಾಲ್ ಕ್ಲಬ್ಬಿನ ಆಟಗಾರರಿಗೆ ಪಟ್ಟಿ ಕಟ್ಟುವವಳು. ಫುಟ್‌ಬಾಲ್ ಎಂದರೆ ದುಂಡು ಚೆಂಡನ್ನು ಮುಟ್ಟಿದರೆ ಮೈಲಿಗೆ ಎನ್ನುವವರ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಒದೆಯುವ, ಹಿಡಿಯುವ, ಅದಕ್ಕಾಗಿ ಒಬ್ಬರ ಹೆಗಲ ಮೇಲೊಬ್ಬರು ಹತ್ತುವ ನಮ್ಮ ಆಟ. ಹೀಗೆ ಹತ್ತಿದವರೆಲ್ಲ ಒಂದಲ್ಲ ಒಂದು ದಿನ ಬೀಳಲೇಬೇಕು, ಬಿದ್ದವರು ನನ್ನ ಮೇಜಿನ ಮೇಲೆ ಬಂದು ಮಲಗಲೇಬೇಕು. ಇಪ್ಪತ್ತು ವರ್ಷದಿಂದ ಗಂಡಸರ ಕಾಲು, ಕೈ, ಸೊಂಟ, ಕಿವಿ ಕಟ್ಟಿದ್ದೇನೆ. ಆಟ ಮುಗಿದ ಮೇಲೆ ಕೂದಲು ತುಂಬಿದ ಕಾಲಿನಿಂದ ಆ ಅಂಟುಪಟ್ಟಿ ಕೀಳುವಾಗ ನನಗಾಗುವ ಸಂತೋಷವನ್ನು ಮಾತ್ರ ಯಾವ ಪಾದ್ರಿಯ ಮುಂದೆಯೂ ಹೇಳಿಕೊಂಡಿಲ್ಲ.

ಆ ವರ್ಷ ಡಂಬೂರಾ ಫೈನಲ್ ತಲುಪಿತ್ತು. ನಂಬಿ, ಫೈನಲ್! ನಮ್ಮ ಸೀಮೆಯಲ್ಲಿ ಗೋಧಿ ಬೆಳೆಯುತ್ತದೆ, ಕುರಿ ಬೆಳೆಯುತ್ತದೆ, ಫೈನಲ್ ಮಾತ್ರ ಬೆಳೆಯುವುದಿಲ್ಲ ಎಂದೇ ಎಲ್ಲರೂ ಒಪ್ಪಿಕೊಂಡಿದ್ದರು. ಡೆನ್ಜಿಲ್ ಹದಿನೆಂಟಕ್ಕೆ ತಂಡ ಸೇರಿದವನು, ಈಗ ಮೂವತ್ತೊಂಬತ್ತು. ಗೋಲಿನ ಮುಂದೆ ನಿಂತು ಗೋಲು ಹೊಡೆಯುವುದೇ ಅವನ ಕೆಲಸ. ಎಷ್ಟೋ ಹೊಡೆದಿದ್ದಾನೆ, ಆದರೆ ಒಂದೇ ಒಂದು ಫೈನಲ್ ಆಡಿಲ್ಲ. ಮುಂದಿನ ವರ್ಷ ಆಡುವುದಿಲ್ಲ ಎಂದು ಅವನೇ ಹೇಳಿದ್ದ. ಅವನು ಹೇಳದಿದ್ದರೂ ಅವನ ಮೊಣಕಾಲು ಹೇಳುತ್ತಿತ್ತು. ಮೆಟ್ಟಿಲು ಹತ್ತಿದರೆ ಪಕ್ಕದ ಮನೆಗೆ ಕೇಳಿಸುತ್ತಿತ್ತು.

ಏಪ್ರಿಲ್‌ನಲ್ಲಿ ಭುಜ ಹೋಯಿತು. ಭುಜ ಸರಿಯಾಗಿ ನಾಲ್ಕು ಆಟ ಆಡಿದ ಮೇಲೆ ಬಲಗಾಲಿನ ಮೀನಖಂಡ ಹರಿಯಿತು. ಮೈದಾನದಲ್ಲಿ ಹರಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಈ ಮಹಾಶಯ ಪಬ್ಬಿನಲ್ಲಿ, ಹಳೆಯದೊಂದು ಗೋಲನ್ನು ಹೇಗೆ ಹೊಡೆದೆ ಎಂದು ತೋರಿಸಲು ಹೋಗಿ, ಖಾಲಿ ಗಾಳಿಯನ್ನು ಒದ್ದು ಕಾಲು ಹರಿದುಕೊಂಡ. ಗಾಳಿ ಗೆದ್ದಿತು.

ನಮ್ಮ ಲೀಗಿನಲ್ಲಿ ಒಂದು ನಿಯಮ ಇದೆ. ಆ ವರ್ಷ ಐದು ಆಟವಾದರೂ ಆಡಿರದವನು ಫೈನಲ್ ಆಡುವಂತಿಲ್ಲ. ಮೊದಲೆಲ್ಲ ಗಾಯಗೊಂಡವನನ್ನು ಅರೆನಿಮಿಷ ಮೈದಾನಕ್ಕೆ ಇಳಿಸಿ, 'ಆಡಿದ' ಎಂದು ಬರೆಸಿ, ಮತ್ತೆ ಹೊರಗೆ ಕರೆದುಕೊಳ್ಳುತ್ತಿದ್ದರು. ಒಮ್ಮೆ ಯಾವುದೋ ತಂಡ ಊರುಗೋಲಿನವನನ್ನೇ ಇಳಿಸಿತು. ಆಗ ಲೀಗಿನವರಿಗೆ ಸಿಟ್ಟು ಬಂದು, ಆಟದ ಕೊನೆಯ ಕಾಲುಭಾಗ, ಅಂದರೆ ಕೊನೆಯ ಕ್ವಾರ್ಟರ್ ಪೂರ್ತಿ, ಸೈರನ್ ಕೂಗುವ ತನಕ ಗೆರೆಯೊಳಗೇ ಇರಬೇಕು, ಇಲ್ಲದಿದ್ದರೆ ಆ ಆಟ ಲೆಕ್ಕಕ್ಕಿಲ್ಲ ಎಂದು ಕಟ್ಟು ಮಾಡಿದರು. ಡೆನ್ಜಿಲ್‌ಗೆ ಬೇಕಾಗಿದ್ದುದು ಆ ಒಂದು ಆಟ. ಉಳಿದಿದ್ದುದೂ ಒಂದೇ ಆಟ, ಕರ್ವಿಲ್ಲಾ ಮೇಲೆ. ಕಾಲು ನೋಡುವ ಫಿಸಿಯೋ ಹೆಂಗಸು ಸ್ಪಷ್ಟವಾಗಿ ಹೇಳಿದ್ದಳು: "ನಡಿ, ಪರವಾಗಿಲ್ಲ. ಓಡ್ಬೇಡ. ಒದಿಯೋದಂತೂ ಕನಸಲ್ಲೂ ಬೇಡ. ಹದಿನೈದು ದಿನ ಹೀಗೆ ಇದ್ರೆ ಫೈನಲ್ ಆಡ್ತೀಯ. ಒಂದ್ಸಲ ಜೋರಾಗಿ ಒದ್ಯೋ, ಮುಗೀತು."

ಕರ್ವಿಲ್ಲಾದವರು ನಮ್ಮ ಪಕ್ಕದ ಊರಿನವರು, ಆದ್ದರಿಂದ ನಮಗೂ ಅವರಿಗೂ ಎಣ್ಣೆ ಸೀಗೆಕಾಯಿ. ಲೀಗಿನಲ್ಲಿ ಮೊದಲೆರಡು ಸ್ಥಾನ ನಮ್ಮಿಬ್ಬರದೇ. ಹದಿನೈದು ದಿನ ಬಿಟ್ಟು ಫೈನಲ್‌ನಲ್ಲೂ ಎದುರಾಬದುರು ನಿಲ್ಲುವವರು ನಾವೇ. ಹಾಗಾಗಿ ಈ ಆಟ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಮೂರು ಕಾಸಿನ ಬೆಲೆ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆ ಮೈದಾನದಲ್ಲಿ ಒಬ್ಬರೂ ನೆನಪಿಟ್ಟುಕೊಳ್ಳಲಿಲ್ಲ.

ನಮ್ಮ ಕೋಚ್ ಮಲ್ಕಾಹಿ ಮಾಂಸದಂಗಡಿಯವನು. ಗುರುವಾರ ಸಂಜೆ ಎಲ್ಲರನ್ನೂ ಕೂರಿಸಿ ಯೋಜನೆ ಹೇಳಿದ. ಪಕ್ಕೆಲುಬು ಬಿರುಕು ಬಿಟ್ಟ ಸಿಯೋನೆ (ಬಾದಾಮಿ ತೋಟದಲ್ಲಿ ಕೆಲಸ ಮಾಡುವ ಟೋಂಗಾದವನು, ನಮ್ಮ ತಂಡದಲ್ಲೇ ಎತ್ತರ), ಮಣಿಕಟ್ಟು ಹೋದವರು, ತೊಡೆ ಹಿಡಿದುಕೊಂಡವರು, ಡೆನ್ಜಿಲ್, ಎಲ್ಲರಿಗೂ ಒಂದೊಂದು ಆಟ ಬೇಕು. ಎಲ್ಲರನ್ನೂ ಇಳಿಸಬೇಕು, ಯಾರೂ ಆಡಬಾರದು.

"ಗಾಳಿ ಯಾವಾಗ್ಲೂ ಗೋಧಿ ಕಣಜದ ಕಡೆಗೇ ಬೀಸೋದು," ಅಂದ ಮಲ್ಕಾಹಿ. "ಚೆಂಡು ಆ ಕಡೆನೇ ಬಿದ್ದಿರತ್ತೆ. ನೀವೆಲ್ಲ ಈ ಕಡೆ, ಪೈನ್ ಮರದ ಹತ್ರ ಮೂಲೇಲಿ ನಿಂತ್ಕೊಳ್ಳಿ. ಚೆಂಡು ಬಂದ್ರೆ ದಾರಿ ಬಿಡಿ. ನಮಸ್ಕಾರ ಬೇಕಾದ್ರೂ ಮಾಡಿ. ಮುಟ್ಬೇಡಿ!"

"ಮತ್ತೆ ನಾವು ಅಲ್ಲಿ ಏನ್ ಮಾಡೋದು?" ಅಂತ ಸಿಯೋನೆ ಕೇಳಿದ.

"ಹುಲ್ಲು ಬೆಳೆಯೋದು ನೋಡು, ಮಾರಾಯ!"

ಶನಿವಾರ ಬೆಳಿಗ್ಗೆ ನಾನು ನನ್ನ ಪಾಲಿನ ಕುತಂತ್ರ ಮಾಡಿದೆ. ಪಟ್ಟಿ ಕಟ್ಟುವವರಲ್ಲಿ ಇದೊಂದು ಹಳೆಯ ವಿದ್ಯೆ: ನೋವಿರುವ ಕಾಲನ್ನು ಬರಿದಾಗಿ ಬಿಟ್ಟು, ಚೆನ್ನಾಗಿರುವ ಕಾಲಿಗೆ ದಪ್ಪಗೆ ಕಟ್ಟಬೇಕು. ಎದುರಾಳಿ ಪೆಟ್ಟು ಹಾಕುವುದು ಪಟ್ಟಿ ಕಂಡ ಕಡೆಗೆ ತಾನೆ? ಡೆನ್ಜಿಲ್‌ನ ಎಡಗಾಲನ್ನು ಹಿಮ್ಮಡಿಯಿಂದ ತೊಡೆಯವರೆಗೆ ಸುತ್ತಿದೆ. ಸಿಯೋನೆಯ ಎರಡೂ ಮೊಣಕಾಲಿಗೆ ಕಟ್ಟಿದೆ; ಆ ಮೊಣಕಾಲುಗಳು ಟ್ರ್ಯಾಕ್ಟರ್ ಎಳೆಯಬಲ್ಲವು. ಆಮೇಲೆ ಹೊರಗೆ ಬಂದು ನೋಡುತ್ತೇನೆ, ಕರ್ವಿಲ್ಲಾದವರಲ್ಲಿ ಅರ್ಧ ಜನ ಹಾಗೇ ಬೆಳ್ಳಗೆ ಸುತ್ತಿಕೊಂಡು ಬರುತ್ತಿದ್ದಾರೆ. ಅವರಿಗೆ ಕಟ್ಟುವವಳು ಮೊಯ್ರಾ. ಅವಳೂ ನಾನೂ ಈ ವಿದ್ಯೆ ಕಲಿತದ್ದು ಒಬ್ಬಳೇ ಮುದುಕಿಯ ಹತ್ತಿರ.

"ಏನ್ ವಿಲ್ಮಾ, ನಿಮ್ಮೋರ ಎಡಗಾಲುಗಳೆಲ್ಲ ಒಟ್ಟಿಗೇ ಕೆಟ್ಟು ಹೋಗಿದಾವೆ?" ಅಂದಳು ಮೊಯ್ರಾ, ಟೀ ಬಗ್ಗಿಸಿಕೊಳ್ಳುತ್ತ.

"ನಿಮ್ಮೋರಿಗೆ ಬಲಗಾಲಿನ ಸಾಂಕ್ರಾಮಿಕ ಬಂದಂಗಿದೆ," ಅಂದೆ ನಾನು.

ಇಬ್ಬರೂ ನಕ್ಕೆವು. ಗುಟ್ಟು ಗುಟ್ಟಾಗಿ ಉಳಿಯಲು ಅದೇನು ಮೆಲ್ಬರ್ನೇ? ಸುತ್ತ ಮೂರು ಊರಿಗೆ ಇರುವವಳು ಆ ಒಬ್ಬಳೇ ಫಿಸಿಯೋ. ಅವಳ ಬಾಗಿಲ ಮುಂದಿನ ಬೆಂಚಿನಲ್ಲಿ ನಮ್ಮ ಕುಂಟರೂ ಅವರ ಕುಂಟರೂ ವಾರವಾರ ಮಗ್ಗುಲಲ್ಲೇ ಕೂತು, ಪರಸ್ಪರರ ಕಾಲು ನೋಡದವರಂತೆ ಹಳೇ ಪತ್ರಿಕೆ ಓದುತ್ತಿದ್ದರು.

ಕೊನೆಯ ಕ್ವಾರ್ಟರ್ ಶುರುವಾದಾಗ ಮಲ್ಕಾಹಿ ನಮ್ಮ ಗಾಯಾಳುಗಳನ್ನು ಪೈನ್ ಮರದ ಮೂಲೆಗೆ ಕಳಿಸಿದ. ಅದೇ ಹೊತ್ತಿಗೆ ಕರ್ವಿಲ್ಲಾದ ಕೋಚೂ ತನ್ನ ಗಾಯಾಳುಗಳನ್ನು ಅದೇ ಮೂಲೆಗೆ ಕಳಿಸಿದ. ಗಾಳಿಯ ಲೆಕ್ಕ ಅವನಿಗೂ ಗೊತ್ತಲ್ಲ! ಸರಿ, ಎಂಟು ಜನ ಕುಂಟರು, ನಾಲ್ವರು ನೀಲಿ, ನಾಲ್ವರು ಕೆಂಪು, ಒಂದು ಮೂಲೆಯಲ್ಲಿ ಸಾಲಾಗಿ ಬಂದು ನಿಂತರು. ಚೆಂಡು, ಅಂಪೈರ್, ಧೂಳು, ಗಲಾಟೆ ಎಲ್ಲ ಆ ಕಡೆ ಕಣಜದ ಹತ್ತಿರ. ಈ ಕಡೆ ಬಸ್‌ಸ್ಟ್ಯಾಂಡ್.

ಡೆನ್ಜಿಲ್‌ನ ಮಗ್ಗುಲಿಗೆ ಬಂದು ನಿಂತವನು ಲೈಲ್ ಹಾಕಿಂಗ್, ಮೊಯ್ರಾಳ ಗಂಡ. ಕರ್ವಿಲ್ಲಾದ ಗೋಲು ಕಾಯುವವನು. ಇಪ್ಪತ್ತು ವರ್ಷದಿಂದ ನನ್ನ ತಮ್ಮನ ಬೆನ್ನಿಗೆ ಅಂಟಿಕೊಂಡು, ಅಂಗಿ ಜಗ್ಗಿ, ಪಕ್ಕೆಗೆ ಗುದ್ದಿ, ಅವನು ಗೋಲು ಹೊಡೆಯದ ಹಾಗೆ ನೋಡಿಕೊಂಡವನು. ಅವನ ಎಡಗಾಲಿನ ಹೆಬ್ಬೆರಳು ಮುರಿದಿತ್ತು, ಅವನಿಗೂ ಒಂದು ಆಟ ಬೇಕಿತ್ತು. ಇಬ್ಬರೂ ಮಾತು ಬಿಟ್ಟು ಎಂಟು ವರ್ಷ. ಕಾರಣ ಒಂದು ಟಗರು. ಡೆನ್ಜಿಲ್ ಅದನ್ನು ಲೈಲ್‌ಗೆ ಮಾರಿದ್ದ. ಅದು ಲೈಲ್‌ನ ಹೊಲದಲ್ಲಿ ಇನ್ನೂರು ಕುರಿಗಳ ಮಧ್ಯೆ ಇಡೀ ಋತು ನೆರಳಿನಲ್ಲಿ ಮಲಗಿತ್ತು.

ನಾನು ನೀರಿನ ಬಾಟಲಿ ಹಿಡಿದು ಅವರ ಹತ್ತಿರವೇ ಇದ್ದೆ. ನೀರು ಕೊಡುವವರಿಗೆ ಮೈದಾನದೊಳಗೆ ಓಡಾಡಲು ಅಡ್ಡಿಯಿಲ್ಲ. ಎಂಟು ವರ್ಷದ ಮೌನ ಎಂಟು ನಿಮಿಷ ಕೂಡ ತಡೆಯಲಿಲ್ಲ.

"ಆ ಟಗರು ಪಾದ್ರಿ ಅಂತ ನಿಂಗೆ ಗೊತ್ತಿತ್ತು," ಅಂದ ಲೈಲ್, ಆಕಾಶ ನೋಡುತ್ತ.

"ನನ್ ಹತ್ರ ಇದ್ದಾಗ ಅದು ಪಾದ್ರಿ ಆಗಿರ್ಲಿಲ್ಲ," ಅಂದ ಡೆನ್ಜಿಲ್, ಕಣಜ ನೋಡುತ್ತ. "ನಿನ್ ಮುಖ ನೋಡಿದ್ಮೇಲೆ ಅದಕ್ಕೆ ವೈರಾಗ್ಯ ಬಂದಿರ್ಬೇಕು."

"ನೋಡು, ಒಂದು ಒದೆ ಹಾಕ್ದೆ ಅಂದ್ರೆ..."

"ಹಾಕು. ಕಾಲೆತ್ತು ಮೊದ್ಲು, ನೋಡೋಣ."

ಲೈಲ್ ಕಾಲೆತ್ತಲು ಹೋಗಿ 'ಅಯ್ಯಯ್ಯೋ' ಎಂದು ಡೆನ್ಜಿಲ್‌ನ ಹೆಗಲನ್ನೇ ಹಿಡಿದುಕೊಂಡ. ಡೆನ್ಜಿಲ್ ಬಿಡಿಸಿಕೊಳ್ಳಲು ಹೋಗಿ ಬಲಗಾಲು ಊರಿ, ಅವನೂ ಲೈಲ್‌ನ ಸೊಂಟ ಹಿಡಿದುಕೊಂಡ. ಇಬ್ಬರೂ ಮದುವೆಯ ಕುಣಿತಕ್ಕೆ ನಿಂತ ಹಾಗೆ ನಿಂತಿದ್ದರು. ಸಿಯೋನೆ ನಗಲು ಹೋಗಿ ಪಕ್ಕೆಲುಬು ಹಿಡಿದುಕೊಂಡು ಕೂತ. "ನಗಿಸ್ಬೇಡ್ರೋ, ಸಾಯ್ತೀನಿ," ಎಂದು ಬೇಡಿಕೊಂಡ.

"ಮುಚ್ಕೊಂಡು ನಿಂತ್ಕೊಳ್ರೋ ಇಬ್ರೂ!" ಎಂದು ನಾನು ಗದರಿದೆ. "ಇನ್ನೇನು ಮುಗೀತು. ಸೈರನ್ ಕೂಗೋ ತನಕ ಕಲ್ಲಿನ ಥರ ಇರಿ."

ಆಗಲೇ ಗಾಳಿ ತಿರುಗಿದ್ದು. ದಕ್ಷಿಣದಿಂದ ಒಂದು ತಣ್ಣನೆಯ ಬೀಸು ಬಂತು, ಪೈನ್ ಮರ ಭರ್ ಅಂದಿತು, ನನ್ನ ಟೋಪಿ ಹಾರಿ ಕರ್ವಿಲ್ಲಾದವರ ಕಾರುಗಳ ಕಡೆ ಹೋಯಿತು. ಇಡೀ ಮಧ್ಯಾಹ್ನ ಆ ಕಡೆ ಬಿದ್ದಿದ್ದ ಚೆಂಡು ಎದ್ದು ನಮ್ಮ ಕಡೆ ಹೊರಟಿತು. ಕರ್ವಿಲ್ಲಾ ನಾಲ್ಕು ಅಂಕ ಮುಂದಿತ್ತು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಅಷ್ಟು ಗೊತ್ತಾಗಿದ್ದೇ ತಡ, ಬೆಲೆಯಿಲ್ಲದ ಆಟಕ್ಕೆ ಎರಡೂ ಊರಿನವರು ಪ್ರಾಣ ಬಿಡುವಂತೆ ಕಿರುಚಲು ಶುರುಮಾಡಿದರು.

ನಮ್ಮ ಕಡೆಯ ಯಾವನೋ ನಡುಮೈದಾನದಿಂದ ಕುರುಡಾಗಿ ಎತ್ತರಕ್ಕೆ ಒದ್ದ. ಚೆಂಡು ಗಾಳಿಯಲ್ಲಿ ತೇಲಿ ತೇಲಿ ನೇರ ಕುಂಟರ ಮೂಲೆಗೇ ಬಂತು. ಎಂಟು ಮುಖ ಮೇಲೆ ತಿರುಗಿದವು. ಮಣಿಕಟ್ಟು ಹೋದವನು ಮಣಿಕಟ್ಟು ಮರೆತ. ಸಿಯೋನೆ ಕೈ ಎತ್ತಿ, ಕಿರುಚಿ, ಮತ್ತೆ ಕೂತ. ತೊಡೆ ಹಿಡಿದವರಿಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿದ್ದರು. ಲೈಲ್ ಅಭ್ಯಾಸಬಲದಿಂದ ಡೆನ್ಜಿಲ್‌ನ ಅಂಗಿ ಹಿಡಿದ.

"ಬಿಡೋ! ಕೈ ಕೆಳಗಿಳಿಸೋ, ಡೆನ್! ಬಿಟ್ಬಿಡೋ ಅದನ್ನ!" ಎಂದು ನಾನು ಗಂಟಲು ಹರಿದುಕೊಂಡೆ.

ಅವನು ಹಾರಲಿಲ್ಲ, ಓಡಲಿಲ್ಲ, ನಿಂತಲ್ಲೇ ನಿಂತಿದ್ದ. ಆದರೆ ಕೈ ಕೇಳಬೇಕಲ್ಲ? ಅಳುವ ಕೂಸನ್ನು ಎತ್ತಿಕೊಳ್ಳುವ ಹಾಗೆ ಕೈಗಳು ತಾವಾಗೇ ಮುಂದಕ್ಕೆ ಚಾಚಿಕೊಂಡವು. ಚೆಂಡು ಬಂದು ಎದೆಯ ಮೇಲೆ ಕೂತಿತು. ಅಂಪೈರ್ ಸೀಟಿ ಊದಿದಳು. ಒದ್ದ ಚೆಂಡನ್ನು ಹೀಗೆ ನೆಲ ಮುಟ್ಟುವ ಮೊದಲೇ ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಗೋಲಿಗೆ ಒದೆಯುವ ಹಕ್ಕು ಸಿಗುತ್ತದೆ. ಸೀಟಿಯ ಹಿಂದೆಯೇ ಸೈರನ್ ಕೂಗಿತು. ಅವನ ಐದನೇ ಆಟ ಪೂರ್ತಿಯಾಯಿತು, ಫೈನಲ್ ಸಿಕ್ಕಿತು. ಚೆಂಡು ಅಲ್ಲೇ ಇಟ್ಟು ಮನೆಗೆ ಬಂದಿದ್ದರೆ ಸಾಕಿತ್ತು.

ಆದರೆ ಸೈರನ್ ಆದ ಮೇಲೂ ಹಿಡಿದವನು ಒದೆಯಬಹುದು. ನಾವು ಒದೆಯಬೇಕಾದ ಗೋಲು ಪೈನ್ ಮರದ ಕಡೆಯದೇ, ನಲವತ್ತು ಮೀಟರ್ ದೂರ, ಆ ಮೂಲೆಯಿಂದಲೂ ಕಣ್ಣಿಗೆ ನೇರ. ಅಷ್ಟು ದೂರ ತಲುಪಬೇಕಾದರೆ ಬಲಗಾಲಿನಲ್ಲಿ ಪೂರ್ತಿ ಶಕ್ತಿ ಹಾಕಿ ಒದೆಯಬೇಕು. ಮೈದಾನದ ಸುತ್ತ ಕಾರಿನ ಹಾರ್ನುಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು. "ಒದಿಯೋ ಡೆನ್ಜಿಲ್! ಒದಿಯೋ!" ಎಂದು ಇಡೀ ಡಂಬೂರಾ ಕೂಗಿತು. ಎಲ್ಲಕ್ಕಿಂತ ಜೋರಾಗಿ ಕೂಗಿದವನು ಯಾರು ಗೊತ್ತೇ? ಮುಟ್ಟಬೇಡಿ, ನಮಸ್ಕಾರ ಮಾಡಿ ಎಂದಿದ್ದ ಮಲ್ಕಾಹಿ! ಮೈದಾನದೊಳಗೆ ಓಡಿ ಬಂದು, ಮುಖ ತನ್ನ ಅಂಗಡಿಯ ಲಿವರಿನ ಬಣ್ಣಕ್ಕೆ ತಿರುಗಿ, "ಒದಿ, ಮಗನೇ! ಕರ್ವಿಲ್ಲಾದೋರ ಮುಖಕ್ಕೆ ಒದಿ!" ಎನ್ನುತ್ತಿದ್ದ.

"ಬಾಯಿ ಮುಚ್ಚು, ಮಲ್ಕಾಹಿ! ಹದಿನೈದು ದಿನ ಬಿಟ್ಟು ಇವನು ಬೇಡ್ವಾ ನಿಂಗೆ?" ಎಂದೆ. ಅವನಿಗೆ ಕೇಳಿಸಲೇ ಇಲ್ಲ.

ನಾನು ತಮ್ಮನ ಹತ್ತಿರ ಹೋದೆ. ಅವನ ಮುಖ ನೋಡಿದೆ. ಆ ಮುಖ ನನಗೆ ಗೊತ್ತು. ಏಳು ವರ್ಷದವನಿದ್ದಾಗ ಕೊಟ್ಟಿಗೆಯ ಮಾಡಿನಿಂದ ಹಾರುವ ಮೊದಲು ಇದೇ ಮುಖ ಇಟ್ಟುಕೊಂಡಿದ್ದ.

"ಅಕ್ಕ, ಗೋಲು ನೆಟ್ಟಗೆ ಕಾಣ್ತಿದೆ ನೋಡೇ," ಅಂದ. "ಗಾಳೀನೂ ಹಿಂದಿಂದ ಇದೆ."

"ಡೆನ್, ನನ್ ಮಾತು ಕೇಳು. ಇದು ಯಾವ ಲೆಕ್ಕಕ್ಕೂ ಇಲ್ಲ. ಒದ್ರೆ ಫೈನಲ್ ಹೋಯ್ತು. ಇಪ್ಪತ್ತೊಂದು ವರ್ಷ ಕಾದಿದ್ದೀಯ ಕಣೋ."

"ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡು! ಅವರೇನು ಬಂದು ನಿನ್ ಕಾಲು ಹೊಲಿದು ಕೊಡ್ತಾರಾ?"

"ಒದೀದೆ ಹೋದ್ರೆ ಹೆದರ್ಕೊಂಡ ಅಂತಾರೆ, ಅಕ್ಕ. ಸಾಯೋ ತನಕ ಪಬ್ಬಲ್ಲಿ ಅದನ್ನೇ ಹೇಳ್ತಾರೆ." ಅವನ ಕಣ್ಣಲ್ಲಿ ನೀರಿತ್ತು. ಅವನಿಗೆ ಫೈನಲ್ ಬೇಡವೆಂದಲ್ಲ. ಅತ್ತ ದರಿ, ಇತ್ತ ಪುಲಿ; ಅವನೂ ಏನು ಮಾಡಿಯಾನು? ಬಾಗಿ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರಿದ. ಇಪ್ಪತ್ತೊಂದು ವರ್ಷದಿಂದ ಒದೆಯುವ ಮೊದಲು ಅವನು ಮಾಡುವುದೇ ಅದು. ಅಂದರೆ ಒದೆಯುತ್ತಾನೆ.

ಒದೆಯುವವನ ಎದುರಿಗೆ, ಅಂಪೈರ್ ತೋರಿಸಿದ ಜಾಗದಲ್ಲಿ, ಎದುರಾಳಿಯೊಬ್ಬ ಕೈ ಎತ್ತಿ ನಿಲ್ಲಬಹುದು. ಆ ಜಾಗದಿಂದ ಮುಂದಕ್ಕೆ ಮಾತ್ರ ಬರುವಂತಿಲ್ಲ. ಅಲ್ಲಿ ನಿಂತಿದ್ದವನು ಲೈಲ್. ಅಂಪೈರ್, ಊರಿನ ಶಾಲೆಯಲ್ಲಿ ಎರಡನೇ ಕ್ಲಾಸಿನ ಟೀಚರು, "ಹಾಕಿಂಗ್, ಅಲ್ಲೇ ನಿಲ್ಲು, ಕದಲ್ಬೇಡ," ಎಂದು ಬೆರಳು ತೋರಿಸಿದಳು.

"ಡೆನ್ಜಿಲ್," ಅಂದ ಲೈಲ್, ಮೆತ್ತಗೆ. "ಒದೀಬೇಡ ಕಣೋ."

"ಯಾಕೆ, ಸೋಲ್ತೀನಿ ಅಂತ ಭಯಾನಾ?"

"ಬಲಗಾಲು ಅಲ್ವಾ ನಿಂದು? ಪೂರಾ ಹರಿದು ಹೋಗತ್ತೆ."

"ನನ್ ಕಾಲು, ನನ್ನಿಷ್ಟ. ನಿನ್ ಬೆರಳು ನೋಡ್ಕೋ ಹೋಗು," ಎಂದು ಡೆನ್ಜಿಲ್ ಹಿಂದಕ್ಕೆ ಹೆಜ್ಜೆ ಇಡತೊಡಗಿದ, ಓಡಿ ಬಂದು ಒದೆಯಲಿಕ್ಕೆ.

ಲೈಲ್ ಅಂಪೈರಳನ್ನು ನೋಡಿದ. ಆಮೇಲೆ ಕುಂಟಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಹಿಂದಕ್ಕೆ ಹೋಗು, ಹಾಕಿಂಗ್," ಅಂದಳು ಅಂಪೈರ್. ಒಳ್ಳೆಯವಳು, ಮೊದಲ ತಪ್ಪಿಗೆ ಎಚ್ಚರಿಕೆ ಕೊಡುವುದು ಎರಡನೇ ಕ್ಲಾಸಿನ ಅಭ್ಯಾಸ.

ಲೈಲ್ ಇನ್ನೂ ಎರಡು ಹೆಜ್ಜೆ ಮುಂದೆ ಬಂದ.

"ಹಿಂದಕ್ಕೆ ಅಂದೆ! ಕೇಳಿಸಲ್ವಾ? ಕೊನೇ ಸಲ ಹೇಳ್ತಿದೀನಿ."

ಆಗ ಲೈಲ್ ಕುಂಟಿ ಕುಂಟಿ ಡೆನ್ಜಿಲ್ ಇದ್ದಲ್ಲಿಗೇ ಹೋಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಕತ್ತು ತಿರುಗಿಸಿ ಕೇಳಿದ: "ಈಗಾದ್ರೂ ಕಾಣಿಸ್ತಿದೀನಾ, ಟೀಚರ್?"

ಅಂಪೈರ್ ಸೀಟಿ ಊದಿದಳು. ಒದೆಯುವವನ ಕಡೆಗೆ ಹೀಗೆ ನುಗ್ಗಿದರೆ ದಂಡ ಐವತ್ತು ಮೀಟರ್. ಚೆಂಡು ಹಿಡಿದವನು ಅಷ್ಟು ಮುಂದೆ ಹೋಗಿ ಅಲ್ಲಿಂದ ಒದೆಯಬಹುದು. ಗೋಲು ಇದ್ದದ್ದೇ ನಲವತ್ತು ಮೀಟರಿನಲ್ಲಿ. ಅಂದರೆ ಗೋಲಿನ ಗೆರೆಯ ಮೇಲೆಯೇ ನಿಂತು ಒದೆಯಬಹುದು! ಅಜ್ಜಿ ಚಪ್ಪಲಿ ಬಿಡುವಷ್ಟು ಕಾಲಾಡಿಸಿದರೆ ಸಾಕು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನೀರಿನ ಬಾಟಲಿ ಕೈಜಾರಿ ಬಿತ್ತು.

ಕರ್ವಿಲ್ಲಾದವರ ಕಡೆಯಿಂದ ಮೊಯ್ರಾಳ ದನಿ ಕೇಳಿತು: "ಲೈಲ್ ಹಾಕಿಂಗ್! ಮನೆಗೆ ಬಾ, ನಿನ್ನ ಇನ್ನೊಂದು ಹೆಬ್ಬೆರಳೂ ಮುರೀತೀನಿ!"

ಅಂಪೈರ್ ಚಕಚಕನೆ ಓಡಿ ಹೋಗಿ ಗೋಲಿನ ಗೆರೆಯಲ್ಲಿ ನಿಂತು ಕೈ ಎತ್ತಿ ಕಾದಳು. ಕಾದಳು. ಕಾಯುತ್ತಲೇ ಇದ್ದಳು. ಯಾಕೆಂದರೆ ಒಬ್ಬನಿಗೆ ಬಲಗಾಲಿಲ್ಲ, ಇನ್ನೊಬ್ಬನಿಗೆ ಎಡಗಾಲಿಲ್ಲ, ಇಬ್ಬರೂ ಅಲ್ಲಿಯವರೆಗೆ ನಡೆಯಬೇಕು. ಆ ಮೆರವಣಿಗೆ ನೋಡಬೇಕಿತ್ತು ನೀವು! ಹಾರ್ನುಗಳು ನಿಂತವು. ಕಣಜದ ಕಡೆಯ ಯಾವನೋ, "ಲೋ, ಕತ್ತಲಾಗೋದ್ರೊಳಗೆ ಹೋಗ್ರೋ!" ಎಂದು ಕೂಗಿದ. ಡೆನ್ಜಿಲ್ ದಾರಿಯುದ್ದಕ್ಕೂ ಲೈಲ್‌ಗೆ ಬೈಯುತ್ತಿದ್ದ, ದಡ್ಡ, ಕತ್ತೆ, ನಿಯಮ ಗೊತ್ತಿಲ್ಲದವನು ಎಂದು. ಲೈಲ್ ಕುಂಟುತ್ತ ಪಕ್ಕದಲ್ಲೇ ಬಂದ.

"ತಟ್ಟು ಸಾಕು, ಡೆನ್!" ಎಂದು ನಾನು ಹಿಂದೆಯೇ ಓಡುತ್ತ ಕೂಗಿದೆ. "ಒದ್ದೆ ಅಂದ್ರೆ ನಾನೇ ಕಾಲು ಮುರೀತೀನಿ! ತಟ್ಟು ಅಷ್ಟೇ!"

ಅವನು ತಟ್ಟಿದ. ಚೆಂಡು ಅವನ ಬೂಟಿನ ತುದಿಯಿಂದ ಜಾರಿ, ಒಂದು ಗೇಣು ಹಾರಿ, ಗೆರೆ ದಾಟಿ ಸುಮ್ಮನೆ ಮಲಗಿತು. ಬಿಳಿ ಕೋಟಿನ ಗೋಲು ಅಂಪೈರ್ ಎರಡು ಬಾವುಟ ಬೀಸಿದ. ಎರಡು ಅಂಕದಿಂದ ಗೆದ್ದೆವು. ನಮ್ಮ ಹುಡುಗರೆಲ್ಲ ಹೋ ಎಂದು ಅವನ ಮೇಲೆ ಬೀಳಲು ಓಡಿ ಬಂದರು. ನಾನು ಅಡ್ಡ ನಿಂತು, ಒದ್ದೆ ಟವೆಲಿನಲ್ಲಿ ಒಬ್ಬೊಬ್ಬರಿಗೂ ಮುಖದ ಮೇಲೆ ಬಾರಿಸಿದೆ. ಮಲ್ಕಾಹಿಗೆ ಎರಡು ಸಲ ಬಾರಿಸಿದೆ, ಒಂದು 'ಒದಿ' ಎಂದದ್ದಕ್ಕೆ, ಒಂದು ಗೆದ್ದದ್ದಕ್ಕೆ.

ಡ್ರೆಸ್ಸಿಂಗ್ ರೂಮಿನಲ್ಲಿ ಡೆನ್ಜಿಲ್‌ನ ಬಾಯಿ ಹಿಡಿಯುವವರಿಲ್ಲ. "ನೋಡಿದ್ರಾ ಲೈಲ್‌ನ? ನನ್ನ ಕಂಡ್ರೆ ಅವನಿಗೆ ಎಷ್ಟು ಭಯ ಅಂದ್ರೆ, ಎಲ್ಲಿ ನಿಂತಿದೀನಿ ಅನ್ನೋದೂ ಮರೆತು ಹೋಯ್ತು!" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ನಾನು ಅವನ ಬಲಗಾಲನ್ನು ಒತ್ತಿ ನೋಡಿದೆ. ಎಲ್ಲ ಇದ್ದ ಹಾಗೇ ಇತ್ತು. ಇನ್ನು ಹದಿನೈದು ದಿನ ಇವನನ್ನು ಪಬ್ಬಿನ ಹತ್ತಿರ ಬಿಡದೆ ಇದ್ದರಾಯಿತು.

ಅವರೆಲ್ಲ ಬಿಯರಿಗೆ ಹೋದ ಮೇಲೆ ನಾನು ಪಟ್ಟಿಗಳನ್ನು ಸುತ್ತಿಡುತ್ತಿದ್ದೆ. ಬಾಗಿಲಲ್ಲಿ ಲೈಲ್ ನಿಂತಿದ್ದ, ಒಂದು ಕೈಯಲ್ಲಿ ಬೂಟು ಹಿಡಿದು.

"ಮೊಯ್ರಾ ನನ್ ಕಾಲು ಮುಟ್ಟಲ್ವಂತೆ," ಅಂದ. "ಯಾರೂ ಮುಟ್ಟಲ್ಲ. ಕಾರಲ್ಲಿ ಹತ್ತಿಸ್ಕೊಳೋಕೂ ಯಾರೂ ತಯಾರಿಲ್ಲ. ಸ್ವಲ್ಪ ಕಟ್ಕೊಡ್ತೀಯಾ ವಿಲ್ಮಾ? ನಡ್ಕೊಂಡೇ ಹೋಗ್ಬೇಕೇನೋ."

"ಮೇಜಿನ ಮೇಲೆ ಕೂರು," ಅಂದೆ. ಹೆಬ್ಬೆರಳು ಬದನೆಕಾಯಿಯಾಗಿತ್ತು. ಮುರಿದ ಬೆರಳಿನಲ್ಲಿ ಅಷ್ಟು ದೂರ ನಡೆದಿದ್ದ. ನಾನು ಹತ್ತಿ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಸುತ್ತತೊಡಗಿದೆ. ಆಮೇಲೆ ನನ್ನ ಕೈಲಿ ತಡೆಯಲಾಗಲಿಲ್ಲ.

"ಯಾಕೋ ಹಂಗ್ ಮಾಡ್ದೆ?"

"ಏನ್ ಮಾಡ್ದೆ?"

"ನಂಗೆ ಕಣ್ಣಿಲ್ವಾ, ಲೈಲ್?"

ಅವನು ಬೂಟಿನ ದಾರದ ಗಂಟು ಬಿಚ್ಚುತ್ತ ಕೂತ. "ನಿಮ್ ಹತ್ರ ಆ ಹೊಸ ಹುಡ್ಗ ಇದಾನಲ್ಲ, ಹತ್ತೊಂಬತ್ತು ವರ್ಷದೋನು, ಮೊಲದ ಥರ ಓಡ್ತಾನಲ್ಲ. ಡೆನ್ಜಿಲ್ ಇಲ್ದಿದ್ರೆ ಫೈನಲ್‌ನಲ್ಲಿ ಅವನನ್ನ ತಂದು ನನ್ ಎದುರಿಗೆ ನಿಲ್ಲಿಸ್ತಾರೆ. ಮೊದಲ್ನೇ ಹತ್ತು ನಿಮಿಷದಲ್ಲೇ ನನ್ ಬಣ್ಣ ಬಯಲಾಗತ್ತೆ. ನಮ್ ಕೋಚು ನನ್ನ ಹೊರಗೆ ಕರ್ಕೊಂಡು ಬೆಂಚಲ್ಲಿ ಕೂರಿಸ್ತಾನೆ. ನಂದೂ ಇದೇ ಕೊನೇ ವರ್ಷ, ವಿಲ್ಮಾ." ಬೂಟು ಕೆಳಗಿಟ್ಟು ಅಂದ, "ನಿನ್ ತಮ್ಮ ಆದ್ರೆ ನನ್ನಷ್ಟೇ ನಿಧಾನ. ಈ ಲೋಕದಲ್ಲಿ ನನ್ನಷ್ಟು ನಿಧಾನ ಇರೋನು ಅವನೊಬ್ನೇ."

ನನಗೆ ನಗು ಬಂತು. ನಗುತ್ತಿದ್ದ ಹಾಗೇ ಅಳು ಬಂತು, ಅದಕ್ಕೆ ಸಿಟ್ಟೂ ಬಂತು. ಮೂಗು ಒರೆಸಿಕೊಂಡು, "ಹಾಳಾದೋನೆ, ಕಾಲು ನೆಟ್ಟಗಿಡು," ಎಂದು ಗದರಿದೆ.

"ಅವನಿಗೆ ಹೇಳ್ಬೇಡ," ಅಂದ ಲೈಲ್.

"ಹೇಳಲ್ಲ. ನೀನ್ ಭಯ ಬಿದ್ದು ನುಗ್ಗಿದೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದಾನೆ, ತಿರುಗ್ಲಿ ಬಿಡು."

"ತಿರುಗ್ಲಿ," ಅಂದ ಅವನು. "ಫೈನಲ್ ದಿನ ಪಕ್ಕೆಗೆ ಎರಡು ಜಾಸ್ತಿ ಕೊಡ್ತೀನಿ."

ಪೆಟ್ಟಿಗೆಯ ತಳದಲ್ಲಿ ಡೆನ್ಜಿಲ್‌ಗೆಂದು ಎತ್ತಿಟ್ಟಿದ್ದ ಒಳ್ಳೆಯ ಪಟ್ಟಿಯೊಂದು ಇತ್ತು. ಅದನ್ನೇ ತೆಗೆದು, ನೋವಿರುವ ಬೆರಳಿಗೇ, ಯಾವ ಕುತಂತ್ರವೂ ಇಲ್ಲದೆ ಭದ್ರವಾಗಿ ಕಟ್ಟಿದೆ. ಲೈಲ್ ಮೇಜಿನಿಂದ ಇಳಿದು ಕಾಲೂರಿ ನೋಡಿದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ.

"ಚೆನ್ನಾಗಿದೆ," ಅಂದ. "ಮೊಯ್ರಾಗೆ ಅಷ್ಟರೊಳಗೆ ಕೋಪ ಇಳಿಯಲ್ಲ. ಫೈನಲ್ ದಿನಾನೂ ನೀನೇ ಕಟ್ತೀಯಾ?"

"ಬೇಗ ಬಾ," ಅಂದೆ. "ಮೊದಲು ಅವನಿಗೆ ಕಟ್ಟಿ, ಆಮೇಲ್ ನಿಂಗೆ."